ಪೂರಿಗಾಲಿ ಎಕ್ಸ್‌ಪ್ರೆಸ್ಸಿನಲ್ಲಿ ಅತ್ತೆಗೊಂದು ಸೀಟು

ನಮ್ಮ ಸೋದರತ್ತೆಯನ್ನು ನಕ್ಷತ್ರಗಳ ನಡುವೆ ಕಳಿಸಿದರೆ ನಕ್ಷತ್ರಗಳೇ ಸ್ವಲ್ಪ ಸರಿದು ಜಾಗ ಮಾಡಿಕೊಡಬೇಕಾಗುತ್ತದೆ. ಇದು ಅತಿಶಯೋಕ್ತಿಯಲ್ಲ. ಕಳಿಸಿ ನೋಡಿದ್ದೇವೆ!

ಎಲ್ಲಿಂದ ಕಳಿಸಿದಿರಿ ಎನ್ನುತ್ತೀರಾ? ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಮನೆಯ ನಡುಮನೆಯಿಂದ. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದು ಕ್ರಮದಲ್ಲಿ ಜೋಡಿಸಿ.

ಇದೊಂದು ಆಟ. ಇದಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ, ಗೆದ್ದವರು ಸೋತವರು ಎಂಬುದಿಲ್ಲ. ನಾವೆಲ್ಲ ಒಂದು ಗಗನನೌಕೆಯಲ್ಲಿದ್ದೇವೆ ಎಂದುಕೊಳ್ಳಬೇಕು, ಅಷ್ಟೆ. ಒಬ್ಬರು ಕಥೆ ನಡೆಸುತ್ತಾರೆ. ಎದುರಿಗೊಂದು ಗ್ರಹ ಕಾಣುತ್ತಿದೆ, ಎಡಗಡೆಯಿಂದ ಯಾರೋ ನುಗ್ಗಿ ಬರುತ್ತಿದ್ದಾರೆ, ಈಗೇನು ಮಾಡುತ್ತೀರಿ ಎಂದು ಕೇಳುತ್ತಾರೆ. ಮಿಕ್ಕವರು ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ಉತ್ತರ ಕೊಡಬೇಕು. ಆ ಉತ್ತರ ಫಲಿಸಿತೋ ಕೈಕೊಟ್ಟಿತೋ ಎಂಬುದನ್ನು ಇಪ್ಪತ್ತು ಮುಖಗಳ ಒಂದು ದಾಳ ತೀರ್ಮಾನಿಸುತ್ತದೆ. ವಯಸ್ಸಾದವರು ಆಡುವ ಆಟವೇ ಇದು? ಅಲ್ಲದಿರಬಹುದು. ಆದರೆ ವಯಸ್ಸಾದವರು ಭಾನುವಾರ ಮಧ್ಯಾಹ್ನ ಮಾಡುವ ಮಿಕ್ಕ ಕೆಲಸಗಳ ಹತ್ತಿರ ಇಟ್ಟು ನೋಡಿದರೆ ಇದೇ ಮರ್ಯಾದಸ್ಥ ಅನ್ನಿಸುತ್ತದೆ.

ಕಥೆ ನಡೆಸುವವಳು ಸಲ್ಮಾ. ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ಅಣ್ಣ ರಫೀಕನಿಗೆ ಸೋಮನಹಳ್ಳಿಯಲ್ಲಿ ಬೈಕ್ ಗ್ಯಾರೇಜಿದೆ. ನೌಕೆಯ ಎಂಜಿನ್ ಅವನೇ ನೋಡಿಕೊಳ್ಳಬೇಕೆಂದು ನಾವೆಲ್ಲ ಗೋಗರೆದೆವು. “ಆರು ದಿನ ಸ್ಪ್ಯಾನರ್ ಹಿಡೀತೀನಿ ಸಾರ್, ಏಳನೇ ದಿನಾನೂ ಹಿಡೀಬೇಕಾ?” ಎಂದು ಡಾಕ್ಟರಾಗಿ ಕುಳಿತ. ಬಂದೂಕು, ಫಿರಂಗಿಗಳ ಉಸ್ತುವಾರಿ ಶಿವಣ್ಣನದು. ಪೂರಿಗಾಲಿಯಲ್ಲಿ ಕಬ್ಬು ಬೆಳೆಯುತ್ತಾನೆ, ಇರುವೆಗೂ ದಾರಿ ಬಿಟ್ಟು ನಡೆಯುವಷ್ಟು ಸಾಧು. ನೌಕೆಗೆ ‘ಪೂರಿಗಾಲಿ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟವನೂ ಅವನೇ. ನಾನು ಕ್ಯಾಪ್ಟನ್. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಾದ್ದರಿಂದ, ಯಾರೂ ಕೇಳಿಸಿಕೊಳ್ಳದಿದ್ದರೂ ಮಾತಾಡುತ್ತಲೇ ಇರುವ ಅಭ್ಯಾಸ ನನಗಿದೆ.

ನೌಕೆ ಓಡಿಸುವ ಪೈಲಟ್ ಒಬ್ಬನಿದ್ದ. ಬ್ಯಾಂಕಿನವನು. ಅವನಿಗೆ ಹಾಸನಕ್ಕೆ ವರ್ಗವಾಯಿತು. ಸಿಬ್ಬಂದಿ ನಾಲ್ಕು ಜನಕ್ಕಿಂತ ಕಡಿಮೆಯಾದರೆ ನೌಕೆ ಹಾರಕೂಡದೆಂಬುದು ಸಲ್ಮಾಳ ನಿಯಮ. ನಾವು ಮೂವರು ಉಳಿದೆವು, ಎಕ್ಸ್‌ಪ್ರೆಸ್ಸು ನಡುಮನೆಯಲ್ಲೇ ನಿಂತಿತು.

ಆಗ ಮೂಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೇಳಿದಳು: “ನಾನೊಬ್ಳು ಇಲ್ಲಿ ಕೂತಿರೋದು ನಿಮ್ಗೆ ಕಾಣ್ತಿಲ್ವಾ?”

ಈಗ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬೀದಿಯ ಕೊನೆಯಲ್ಲೇ ಅವಳ ಮನೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕುಗಳಲ್ಲಿ ಅವಳಿಗಿದ್ದ ಹೆಸರು ಒಂದೇ ಕಾರಣಕ್ಕೆ: ಉಗ್ರಾಣ. ಮದುವೆಮನೆಯ ಅಕ್ಕಿ, ಬೆಲ್ಲ, ತುಪ್ಪ, ತೆಂಗಿನಕಾಯಿ, ಲಾಡು ಎಲ್ಲವನ್ನೂ ಒಂದು ಕೋಣೆಯಲ್ಲಿಟ್ಟು, ಬೀಗ ಜಡಿದು, ಬೀಗದಕೈಯನ್ನು ಒಬ್ಬರ ಸೊಂಟಕ್ಕೆ ಸಿಗಿಸುವುದುಂಟಲ್ಲ, ಆ ಸೊಂಟ ನಮ್ಮ ಅತ್ತೆಯದು! ಅವಳು ಉಗ್ರಾಣಕ್ಕೆ ಬರುತ್ತಾಳೆಂದು ಖಾತ್ರಿಯಾದ ಮೇಲೆಯೇ ಲಗ್ನ ಗೊತ್ತುಮಾಡಿದವರಿದ್ದಾರೆ. ಅಡುಗೆಭಟ್ಟರು ಎಣ್ಣೆ ಸಾಲದೆಂದು ಬಂದರೆ ಅವಳು ಕೊಡುತ್ತಿರಲಿಲ್ಲ. ಒಲೆಯ ಹತ್ತಿರ ಹೋಗಿ, ಬಾಣಲೆಯನ್ನೊಮ್ಮೆ ನೋಡಿ, ಭಟ್ಟರನ್ನೊಮ್ಮೆ ನೋಡಿ, ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎಣ್ಣೆ ತಾನಾಗಿಯೇ ಸಾಲುತ್ತಿತ್ತು.

ಒಮ್ಮೆ ಮಳವಳ್ಳಿಯ ಮದುವೆಯಲ್ಲಿ ಮಂತ್ರಿಯೊಬ್ಬರು ಇನ್ನೊಂದು ಲಾಡು ಕೇಳಿದರಂತೆ. “ಮಂತ್ರಿ ಆದ್ರೇನು, ಒಟ್ಟೆ ಒಂದೇ ಅಲ್ವಾ?” ಎಂದು ಒಳಗಿನಿಂದಲೇ ಕೂಗಿದಳಂತೆ. ಇದು ನಮ್ಮಪ್ಪ ಹೇಳುವ ಪಾಠಾಂತರ. ಚಿಕ್ಕಪ್ಪ ಹೇಳುವಾಗ ಆ ಮಂತ್ರಿ ತಹಸೀಲ್ದಾರನಾಗುತ್ತಾನೆ. ಅತ್ತೆಯನ್ನೇ ಕೇಳಿದರೆ ಅವನು ಯಾರದೋ ಕಾರಿನ ಡ್ರೈವರು, ಮತ್ತು ಅವನು ಕೇಳಿದ್ದು ಲಾಡಲ್ಲ, ನೀರು! ನಾನು ಮಂತ್ರಿಯನ್ನೇ ಉಳಿಸಿಕೊಂಡಿದ್ದೇನೆ. ನೆನಪುಗಳು ಬಡ್ತಿ ಬೇಡುತ್ತವೆ, ಕೊಟ್ಟರೆ ನಷ್ಟವೇನು?

ಈಗ ಮದುವೆಗಳಿಗೆ ಕೇಟರಿಂಗಿನವರು ಬಂದಿದ್ದಾರೆ. ಎಲೆ ಹಾಕುವುದರಿಂದ ಹಿಡಿದು ಎತ್ತುವವರೆಗೆ ಅವರದೇ. ಎರಡು ವರ್ಷದ ಹಿಂದೆ ಒಂದು ಛತ್ರದಲ್ಲಿ ಅತ್ತೆ ಅಭ್ಯಾಸಬಲದಿಂದ ಹಿಂಬಾಗಿಲಿಗೆ ಹೋದಳು. ಕೈಗವಸು ತೊಟ್ಟಿದ್ದ ಒಬ್ಬ, “ಆಂಟಿ, ಇಲ್ಲಿಗೆ ಬರಂಗಿಲ್ಲ” ಎಂದ. ಆಂಟಿ! ಅಂದಿನಿಂದ ಅವಳು ರಿಸೆಪ್ಶನ್ನಿಗೆ ಹೋಗುತ್ತಾಳೆ, ಮುಯ್ಯಿ ಕೊಟ್ಟು ಉಂಡು ಬರುತ್ತಾಳೆ, ಮನೆಗೆ ಬಂದು ಸಾರಿಗೆ ಉಪ್ಪು ಕಮ್ಮಿಯಿತ್ತೆಂದು ಬೀದಿಗೆಲ್ಲ ತಿಳಿಸುತ್ತಾಳೆ.

ಆದ್ದರಿಂದ ನಮ್ಮ ನೌಕೆ ಹತ್ತುವ ಮೊದಲು ಅವಳು ಹಾಕಿದ ಷರತ್ತು ನನಗೆ ಅರ್ಥವಾಗುವಂತಿತ್ತು.

“ನೋಡ್ರಲಾ, ಲೆಕ್ಕಕ್ಕೊಬ್ಳು ಅಂತ ಕೂರ್ಸಂಗಿದ್ರೆ ನಾ ಬರಾಕಿಲ್ಲ. ನಂಗೊಪ್ಪೋ ಜಾಗ ಸಿಕ್ಕುದ್ರೆ ಕೂತ್ಕತೀನಿ. ಸಿಕ್ನಿಲ್ವಾ, ಎದ್ದೋಯ್ತೀನಿ. ಆಮ್ಯಾಕೆ ಯಾವ್ದುಕ್ಕೂ ಕರೀಬ್ಯಾಡಿ.”

“ಅತ್ತೆ, ಎಲ್ಲ ಜಾಗದಲ್ಲೂ ಒಂದೊಂದು ದಿನ ಕೂತು ನೋಡಿ. ಇಷ್ಟ ಆದದ್ದನ್ನ ಆರಿಸ್ಕೊಳ್ಳಿ. ಅಲ್ಲಿ ಈಗ ಕೂತಿರೋರು ಬೇರೆ ಕಡೆ ಸರೀತಾರೆ. ಅಲ್ಲೀವರೆಗೂ ನೌಕೆ ತಾನೇ ಓಡ್ತಾ ಇರ್ಲಿ” ಎಂದಳು ಸಲ್ಮಾ.

ಹೀಗೆ ಅತ್ತೆಯ ಆಯ್ಕೆ ಪ್ರಾರಂಭವಾಯಿತು. ಸೀರೆ ಆರಿಸುವಾಗ ಅಂಗಡಿಯವನ ಕಪಾಟನ್ನು ಬರಿದು ಮಾಡಿ ಬರಿಗೈಯಲ್ಲಿ ಎದ್ದು ಬರುವವಳು ಅವಳು.

ಮೊದಲ ಭಾನುವಾರ ನನ್ನ ಕುರ್ಚಿ ಬಿಟ್ಟುಕೊಟ್ಟೆ. ಅತ್ತೆ ಕ್ಯಾಪ್ಟನ್ ಆದಳು.

“ಎದುರಿಗೆ ಅಪರಿಚಿತ ನೌಕೆಯೊಂದು ಅಡ್ಡ ನಿಂತಿದೆ” ಎಂದು ಸಲ್ಮಾ ದನಿ ತಗ್ಗಿಸಿ ಹೇಳಿದಳು. “ಒಳಗಿರೋರಿಗೆ ಮೂರು ಮೂರು ಕಣ್ಣು. ಫಿರಂಗಿ ನಮ್ಮ ಕಡೆಗೇ ತಿರುಗಿಸಿದ್ದಾರೆ. ಏನು ಮಾಡ್ತೀರಿ ಕ್ಯಾಪ್ಟನ್?”

“ಯಾವೂರವ್ರಂತೆ?”

“ಊರು ಅಂತಿಲ್ಲ ಅತ್ತೆ, ಬೇರೆ ಗ್ರಹದವರು.”

“ಗ್ರಹ ಅಂದ್ಮೇಲೆ ಅದ್ಕೂ ಒಂದು ತಾಲ್ಲೂಕು ಇರ್ತದಲ್ಲವ್ವ! ಯಾರ ಪೈಕಿ? ಎಣ್ಣು ಎಲ್ಲಿಂದ ತಂದವ್ರೆ? ಎಲ್ಲಿಗ್ ಕೊಟ್ಟವ್ರೆ? ಕೇಳಿ ಯೋಳು.”

ಪಾಪ ಸಲ್ಮಾ! ಮೂರು ಕಣ್ಣಿನವರ ಹೋರಾಟದ ಶಕ್ತಿ, ಕವಚದ ದಪ್ಪ, ಎಲ್ಲ ಗೊತ್ತುಮಾಡಿಕೊಂಡು ಬಂದಿದ್ದಳು. ಅವರ ಅತ್ತಿಗೆ ನಾದಿನಿಯರನ್ನು ಯೋಚಿಸಿರಲಿಲ್ಲ. ಕುಳಿತಲ್ಲೇ ಒಂದು ವಂಶವನ್ನು ಹುಟ್ಟಿಸಬೇಕಾಯಿತು. ಅತ್ತೆ ಎಳೆ ಹಿಡಿದು ಜಗ್ಗುತ್ತ ಹೋದಳು. ಕೊನೆಗೆ ಆ ಮೂರು ಕಣ್ಣಿನ ನಾಯಕನ ಸೋದರಸೊಸೆಯನ್ನು, ನಾವು ಹಿಂದಿನ ತಿಂಗಳು ಇಳಿದಿದ್ದ ನೀಲಿ ಗ್ರಹದ ಯಜಮಾನನ ಮನೆಗೇ ಕೊಟ್ಟಿದ್ದಾರೆಂದು ಗೊತ್ತಾಯಿತು. ಆ ಯಜಮಾನನೋ ನಮಗೆ ಆಣೆ ಮಾಡಿ ಅಣ್ಣತಮ್ಮಂದಿರೆಂದಿದ್ದವನು!

ಶಿವಣ್ಣ ಫಿರಂಗಿಯ ಗುಂಡಿಯ ಮೇಲಿಂದ ಕೈ ತೆಗೆದ. “ಬೀಗರ ಮ್ಯಾಲೆ ಒಡಿಯಕಾಯ್ತದಾ? ಎಂಥ ಅಪವಾದ!”

ಯುದ್ಧ ರದ್ದಾಯಿತು. ಆದರೆ ಅತ್ತೆ ಕುರ್ಚಿಯಿಂದ ಎದ್ದಳು. “ಇದು ಬರೀ ಮಾತಾಡೋ ಕೆಲ್ಸ ಕಣ್ಲಾ. ಇದುನ್ನ ನಿಮ್ಮಪ್ಪನೂ ಮಾಡ್ತಾನೆ.”

ಎರಡನೆಯ ಭಾನುವಾರ ಶಿವಣ್ಣನ ಜಾಗ. ಕಡಲುಗಳ್ಳರಂತೆ ಬಾನುಗಳ್ಳರಿದ್ದಾರೆ, ಅವರು ಬೆನ್ನಟ್ಟಿದ್ದರು.

“ಈ ಗುಂಡಿ ಒತ್ತುದ್ರೆ ಏನಾಯ್ತದೆ ಸಿವಣ್ಣ?”

“ಅವ್ರ ಅಡಗು ಸುಟ್ಟೋಯ್ತದೆ ಕಣವ್ವ.”

“ಒಳಗಿರೋರು?”

ಶಿವಣ್ಣ ಕೆಮ್ಮಿದ. “ಅವ್ರೂವೆ.”

ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವರಿಗೆ ನಮ್ಮ ಮಾತು ಕೇಳಿಸುತ್ತದೆಯೇ ಎಂದು ವಿಚಾರಿಸಿದಳು. ಕೇಳಿಸುತ್ತದೆಂದು ಸಲ್ಮಾ ಹೇಳಿದ್ದೇ ತಪ್ಪಾಯಿತು! ಮುಂದಿನದನ್ನು ಅಚ್ಚು ಮಾಡಲು ಯಾವ ಸಂಪಾದಕರೂ ಒಪ್ಪುವುದಿಲ್ಲ. ಕಳ್ಳರ ಮುತ್ತಾತನ ಮೀಸೆಯಿಂದ ಆರಂಭವಾಗಿ, ಅವರನ್ನು ಹೆತ್ತ ಗಳಿಗೆ, ಎತ್ತಿ ಆಡಿಸಿದ ಕೈ, ಹೊತ್ತು ಬಂದ ಹಡಗು, ಹಡಗಿಗೆ ಹೊಡೆದ ಮೊಳೆಯವರೆಗೆ ಸಾಗಿತು. ನಮ್ಮ ನಾಯಿ ಎದ್ದು ಹೊರಗೆ ಹೋಯಿತು. ಎದುರುಮನೆಯವರು ಕಿಟಕಿ ಮುಚ್ಚಿದರೋ ತೆರೆದರೋ, ನೆನಪಿಲ್ಲ. ಮುಚ್ಚಿದರೆಂದು ಬರೆದರೆ ಅವರಿಗೆ ಗೌರವ.

ಬೈಗುಳಕ್ಕೂ ದಾಳ ಹಾಕಲೇಬೇಕೆಂದಳು ಸಲ್ಮಾ. ಅತ್ತೆ ಉರುಳಿಸಿದಳು. ಇಪ್ಪತ್ತು! ಬಾನುಗಳ್ಳರು ಕದ್ದ ಮಾಲನ್ನೆಲ್ಲ ನಮ್ಮ ಬಾಗಿಲಲ್ಲಿಟ್ಟು ಪರಾರಿ.

(ಬಿದ್ದದ್ದು ಹನ್ನೆರಡು ಎಂದು ರಫೀಕ್ ಈಗಲೂ ವಾದಿಸುತ್ತಾನೆ. ಇರಬಹುದು. ಆದರೆ ಆ ಬೈಗುಳವನ್ನು ಕೇಳಿದ ನನಗೆ ಹನ್ನೆರಡು ಎಂದು ಬರೆಯಲು ಕೈ ಬರುವುದಿಲ್ಲ.)

“ಬಾಯಿರೋರ್ಗೆ ಫಿರಂಗಿ ಯಾಕ್ಲಾ?” ಎನ್ನುತ್ತ ಆ ಕುರ್ಚಿಯನ್ನೂ ಬಿಟ್ಟಳು.

ಮೂರನೆಯ ಭಾನುವಾರ ಡಾಕ್ಟರು. ವಿಷಗಾಳಿ ಕುಡಿದು ಕ್ಯಾಪ್ಟನ್, ಎಂದರೆ ನಾನು, ನೆಲಕ್ಕೆ ಬಿದ್ದಿದ್ದೆ. ರಫೀಕ್ ಪಕ್ಕದಲ್ಲಿ ನಿಂತು, “ಅಮ್ಮ, ಇದು ಸೂಜಿ, ಇದು ಆಕ್ಸಿಜನ್, ಬೇಗ ಬೇಗ” ಎನ್ನುತ್ತಿದ್ದ.

“ಸುಮ್ಕಿರಪ್ಪ. ಬೆಳಗ್ಗಿಂದ ಏನ್ ತಿಂದವ್ನೆ ಇವ್ನು?” ಎಂದಳು ಅತ್ತೆ. “ಒಂದು ನಾಟಿ ಕೋಳಿ ಕುಯ್ದು, ಮೆಣಸು ಮುಂದಾಗಿ ಒಂದು ಸಾರು ಮಾಡ್ಕೊಟ್ರೆ ಎದ್ದು ಕೂತ್ಕತಾನೆ.”

“ಕೋಳಿ ಇಲ್ಲ ಅತ್ತೆ. ನೌಕೇಲಿ ಊಟ ಅಂದ್ರೆ ಟ್ಯೂಬು. ಒತ್ತಿದ್ರೆ ಪೇಸ್ಟ್ ಥರ ಬರುತ್ತೆ.”

ಅತ್ತೆ ರೋಗಿಯನ್ನು ಮರೆತಳು. ಸಾಯುತ್ತಿದ್ದ ನನ್ನನ್ನು ದಾಟಿಕೊಂಡೇ ಸಲ್ಮಾಳ ಎದುರಿಗೆ ಹೋಗಿ ನಿಂತಳು.

“ಅಲ್ಲ ಕಣವ್ವ, ಟೂತ್‌ಪೇಸ್ಟ್ ತಿನ್ಕಂಡು ಅಷ್ಟು ದೂರ ಓಯ್ತಾ ಇದ್ದೀರಾ? ರಾಗಿ ಎಷ್ಟದೆ? ಉಪ್ಪದಾ? ದಾರೀಲಿ ನಾಕು ಜನ ಬಂದ್ರೆ ಏನ್ ಬಡಿಸ್ತೀರ? ಇದೆಲ್ಲಾ ಯಾರ್ ಕೈಲಿ ಬುಟ್ಟಿದ್ದೀರಿ?”

ಬೆಳಕಿನ ವೇಗಕ್ಕಿಂತ ಜೋರಾಗಿ ಓಡುವ ನೌಕೆಯಲ್ಲಿ ಒಂದು ಹಿಡಿ ಉಪ್ಪಿರಲಿಲ್ಲ! ನಾನು ನೆಲದ ಮೇಲೆ ಮಲಗಿಯೇ ಎಲ್ಲರ ಮುಖ ನೋಡಿದೆ. ಎಲ್ಲರಿಗೂ ಒಂದೇ ಸಲಕ್ಕೆ ಹೊಳೆಯಿತು. ಇಷ್ಟು ದಿನ ನಾವು ಎಂಥ ದಡ್ಡರು! ಅತ್ತೆಗೆ ಯಾವ ಜಾಗ ಎಂದು ಮೂರು ತಾಲ್ಲೂಕಿಗೆ ಗೊತ್ತಿರುವಾಗ ನಾವು ಹುಡುಕುವುದೇನಿತ್ತು?

ಮುಂದಿನ ವಾರ ಪೂರ್ತಿ ಗುಟ್ಟಾಗಿ ತಯಾರಿ ನಡೆಯಿತು. ಆಟದ ಪುಸ್ತಕದಲ್ಲಿ ಇಲ್ಲದ ಹೊಸ ಪಾತ್ರವೊಂದನ್ನು ಸಲ್ಮಾ ಸೃಷ್ಟಿಸಿದಳು: ಉಗ್ರಾಣಾಧಿಕಾರಿ. ಆ ಅಧಿಕಾರಿಯ ಮಾತಿಲ್ಲದೆ ಕ್ಯಾಪ್ಟನ್ ಕೂಡ ಒಂದು ತುತ್ತು ತಿನ್ನುವಂತಿಲ್ಲ. ರಫೀಕ್ ತನ್ನ ಗ್ಯಾರೇಜಿನಿಂದ ಹಳೆಯ ಕಬ್ಬಿಣದ ಬೀಗವೊಂದನ್ನು ತಂದು, ಉಜ್ಜಿ, ಫಳಫಳ ಮಾಡಿದ. ಶಿವಣ್ಣ ಒಂದು ಚೀಲ ರಾಗಿಯನ್ನೇ ಬೈಕಿನ ಮೇಲೆ ಹೇರಿಕೊಂಡು ಬಂದ. “ಇದು ಸುಳ್ಳುಸುಳ್ಳೇ ಆಡೋ ಆಟ ಕಣೋ” ಎಂದರೆ, “ಉಗ್ರಾಣ ಸುಳ್ಳಾಗ್ಬಾರ್ದು ಕಣಣ್ಣ” ಎಂದ. ನೌಕೆಯ ಹಿಂಭಾಗದಲ್ಲಿ, ಅಡುಗೆಮನೆಯ ಬಾಗಿಲಿಗೆ ತಾಗಿಸಿ ಒಂದು ಕುರ್ಚಿ ಹಾಕಿದೆವು. ಮೇಲೆ ದಿಂಬು ಬೇರೆ. ಅತ್ತೆ ಬಂದೊಡನೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದೆವು. ನಾನು ಬೀಗದಕೈಯನ್ನು ತಟ್ಟೆಯಲ್ಲಿಟ್ಟು ಕೊಟ್ಟೆ.

ಅತ್ತೆ ತಟ್ಟೆ ನೋಡಿದಳು. ರಾಗಿ ಚೀಲ ನೋಡಿದಳು. ಕುರ್ಚಿ ನೋಡಿದಳು.

“ಇಲ್ಲೂ ಅದೇನಾ?” ಎಂದಳು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ದಾರಿ ತಪ್ಪಿಸಿಕೊಂಡು ನಡೆದು ನಡೆದು ಮತ್ತೆ ಹೊರಟ ಬೀದಿಗೇ ಬಂದವರು ಆಡುವ ಹಾಗಿತ್ತು. ಶಿವಣ್ಣ ಗಾಬರಿಯಾದ.

“ನಿಂಗೆ ಉಗ್ರಾಣ ಅಂದ್ರೆ ಪ್ರಾಣ ಅಲ್ವೇನವ್ವ?”

“ಯಾರ್ಲಾ ಯೋಳ್ದೋರು?”

ಯಾರೂ ಹೇಳಿರಲಿಲ್ಲ. ಯಾರೂ ಹೇಳದೆ ಎಲ್ಲರಿಗೂ ಗೊತ್ತಿತ್ತು.

ಅತ್ತೆ ನಕ್ಕಳು. ರಾಗಿ ಚೀಲದ ಮೇಲೆ ಕುಳಿತು, ಬೇರೆ ಯಾರದೋ ತಮಾಷೆ ಹೇಳುವಂತೆ ಹೇಳಿದಳು: “ನಿಮ್ಮ ಮಾವ ತೀರ್ಕಂಡ ಮ್ಯಾಕೆ ಮೊದುಲ್ನೇ ಮದ್ವೆ ನಿಮ್ಮಪ್ಪಂದು. ಮುತ್ತೈದೇರೆಲ್ಲಾ ಮುಂದೆ ನಿಂತವ್ರೆ, ನಾನೂ ಅಕ್ಷತೆ ಇಡ್ಕಂಡು ಓದೆ. ಬ್ಯಾಡ ಅಂತ ಯಾರೂ ಬಾಯ್ಬುಟ್ಟು ಅನ್ನಿಲ್ಲ ಕಣ್ಲಾ, ನಮ್ಮವ್ರು ಅಂಥೋರಲ್ಲ. ‘ಉಗ್ರಾಣದ ತಾವು ಯಾರೂ ಇಲ್ಲ, ನೀನೇ ನೋಡ್ಕಬೇಕು ಕಣವ್ವ’ ಅಂದು ಕೈಗೆ ಬೀಗದ್ಕೈ ಕೊಟ್ರು. ಇಸ್ಕಂಡೆ. ಇಸ್ಕಂಡ ಮ್ಯಾಕೆ ಬುಡ್ತೀನಾ? ಚೆನ್ನಾಗೇ ಆಟ ಆಡಿಸ್ದೆ ಬುಡು ಎಲ್ರುನ್ನೂ! ಆಮ್ಯಾಕೆ ಎಲ್ಲೋದ್ರೂ ಅದೇಯ. ವಾಲಗ ಜೋರಾಗದು, ಓಹೋ ತಾಳಿ ಕಟ್ತಾವ್ರೆ ಅನ್ಕಳದು. ಗೋಡೆ ಈಚೆಯಿಂದ. ಎಷ್ಟ್ ಮದ್ವೆ ಆದ್ವೋ. ಒಂದ್ರಲ್ಲೂ ತಾಳಿ ಕಟ್ಟದ್ ಕಂಡಿಲ್ಲ ನಾನು.”

ನನ್ನ ಮದುವೆಯಲ್ಲಿ ಅತ್ತೆ ಮಂಟಪದ ಬಲಗಡೆ ನಿಂತು ಅಕ್ಷತೆ ಹಾಕಿದ ಚಿತ್ರ ನನ್ನ ತಲೆಯೊಳಗಿದೆ. ಹಸಿರು ಸೀರೆ, ಕಣ್ಣಲ್ಲಿ ನೀರು, ಎಲ್ಲ ಇದೆ. ಇತಿಹಾಸ ಪಾಠ ಮಾಡುವವನು ನಾನು. ಆ ಚಿತ್ರವನ್ನು ಯಾವಾಗ, ಯಾವ ಅನುಕೂಲಕ್ಕೆ ನಾನೇ ಬರೆದುಕೊಂಡೆನೋ ಕಾಣೆ.

ರಫೀಕ್ ತನ್ನ ಬೀಗವನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡ.

“ಹಾಗಾದ್ರೆ ನಿಮಗೆ ಯಾವ ಜಾಗ ಬೇಕು ಅತ್ತೆ?” ಸಲ್ಮಾ ಕೇಳಿದಳು. ನಾಲ್ಕು ವಾರದಲ್ಲಿ ಈ ಪ್ರಶ್ನೆಯನ್ನು ಯಾರಾದರೂ ನೇರವಾಗಿ ಕೇಳಿದ್ದು ಅದೇ ಮೊದಲು.

ಅತ್ತೆ ಮುಂಗಡೆಗೆ ಬೆರಳು ತೋರಿಸಿದಳು.

ಎಲ್ಲಕ್ಕಿಂತ ಮುಂದೆ, ನಡುಮನೆಯ ಬಿಳಿ ಗೋಡೆಗೆ ಮುಖ ಮಾಡಿ, ಪೈಲಟ್ಟಿನ ಕುರ್ಚಿಯಿತ್ತು. ಬ್ಯಾಂಕಿನವನು ಹೋದಾಗಿನಿಂದ ಅದು ಖಾಲಿಯೇ. ನಮ್ಮ ಬುದ್ಧಿವಂತಿಕೆ ನೋಡಿ! ಭರ್ತಿಯಾಗಿದ್ದ ಮೂರು ಕುರ್ಚಿಗಳಿಂದ ಒಬ್ಬೊಬ್ಬರನ್ನೇ ಎಬ್ಬಿಸಿ ಅತ್ತೆಯನ್ನು ಕೂರಿಸಿದ್ದೆವು, ಇಲ್ಲದಿದ್ದ ನಾಲ್ಕನೆಯದನ್ನು ಹುಟ್ಟಿಸಿದ್ದೆವು, ಖಾಲಿ ಇದ್ದ ಒಂದನ್ನು ತೋರಿಸಿರಲಿಲ್ಲ. ಅದು ಕಷ್ಟದ ಜಾಗ, ಚುರುಕಾದ ಕೈ ಬೇಕು, ಟ್ರಾಕ್ಟರ್ ಓಡಿಸುವ ಶಿವಣ್ಣನೇ ಅಲ್ಲಿಗೆ ಸರಿಯಲಿ ಎಂದು ನಮ್ಮನಮ್ಮಲ್ಲೇ ತೀರ್ಮಾನವಾಗಿತ್ತು. ಅದು ಅತ್ತೆಯ ಕಿವಿಗೂ ಬಿದ್ದಿರಬೇಕು.

“ಅಲ್ಲಿ ಕೂತೋರ್ಗೆ ಎಲ್ಲಾ ಮೊದ್ಲು ಕಾಣ್ತದಲ್ವಾ?” ಎಂದಳು ಅತ್ತೆ.

“ಹೌದು ಅತ್ತೆ. ಮುಂದೆ ಗಾಜು. ಎಲ್ಲರಿಗಿಂತ ಮೊದಲು ಅವರಿಗೇ.”

“ಅಂಗಾದ್ರೆ ಅದು ಕೊಡ್ರಿ.” ಆಮೇಲೆ ಶಿವಣ್ಣನ ಕಡೆ ತಿರುಗಿ, ನಾನು ಹಿಂದೆಂದೂ ಅವಳಲ್ಲಿ ಕೇಳಿರದ ಅಳುಕಿನಿಂದ, “ನೀನು ಆಸೆ ಇಟ್ಕಂಡಿದ್ಯೇನೋ?” ಎಂದಳು.

“ಅಯ್ಯೋ, ಕೂತ್ಕಳವ್ವ! ನಂಗೇನು, ಊರಲ್ಲಿ ಟ್ರಾಕ್ಟ್ರದೆ” ಎಂದು ಶಿವಣ್ಣ ತಾನೇ ಓಡಿಹೋಗಿ ಹೆಗಲ ಮೇಲಿನ ಟವಲಿನಿಂದ ಆ ಕುರ್ಚಿಯ ಧೂಳು ಒರೆಸಿದ.

ಅತ್ತೆ ಸೆರಗು ಸಿಗಿಸಿಕೊಂಡು ಮುಂದೆ ಹೋಗಿ ಕುಳಿತಳು. ನಾವು ಹಿಂದೆ ಕುಳಿತೆವು. ಅವಳ ತುರುಬು, ರವಿಕೆಯ ಬೆನ್ನು, ನೆಟ್ಟಗಾದ ಕತ್ತು ನಮಗೆ ಕಾಣುತ್ತಿದ್ದವು. ತಾನಾಗಿ ಓಡುತ್ತಿದ್ದ ಎಕ್ಸ್‌ಪ್ರೆಸ್ಸು ನಾಲ್ಕು ವಾರದ ಮೇಲೆ ಪೈಲಟ್ಟಿನ ಕೈಯಲ್ಲಿ ನೆಲ ಬಿಟ್ಟಿತು. ಮೋಡ ದಾಟಿತು, ಚಂದ್ರನನ್ನು ದಾಟಿತು. ಸಲ್ಮಾ ಗಂಟಲು ಸರಿಮಾಡಿಕೊಂಡು ಎಂದಿನಂತೆ ಶುರುಮಾಡಿದಳು:

“ಈಗ ನಿಮ್ಮ ಎದುರಿಗೆ ಕಾಣ್ತಾ ಇರೋದು...”

ಅತ್ತೆ ಹಿಂದಕ್ಕೆ ತಿರುಗದೆ ಕೈಯೆತ್ತಿ ತಡೆದಳು. “ನೀ ಯೋಳ್ಬ್ಯಾಡ ಕಣವ್ವ. ಮುಂದ್ಗಡೆ ಕೂತಿರೋಳು ನಾನು. ನಾನೇ ನೋಡಿ ಯೋಳ್ತೀನಿ.”

ಸಲ್ಮಾ ದಾಳವನ್ನು ಕೆಳಗಿಟ್ಟಳು. ನಾವೆಲ್ಲ ಕುರ್ಚಿಗಳ ಅಂಚಿಗೆ ಬಂದು, ಕತ್ತು ಚಾಚಿ ಕಾದೆವು. ನಮ್ಮ ಮನೆಯ ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಅತ್ತೆ ಅದನ್ನು ಎಡದಿಂದ ಬಲಕ್ಕೆ ನೋಡಿದಳು, ಮೇಲೆ ನೋಡಿದಳು, ಒಂದು ಕಡೆ ಕಣ್ಣು ನಿಲ್ಲಿಸಿ ಸಣ್ಣಗೆ ನಕ್ಕಳು.

ಶಿವಣ್ಣನಿಗೆ ತಡೆಯಲಾಗಲಿಲ್ಲ. “ಏನ್ ಕಾಣ್ತದವ್ವ?”

“ತಡೀಲಾ” ಎಂದಳು. “ಇನ್ನೂ ನೋಡ್ತಾವ್ನಿ.”